ಸೋಪು ಹಚ್ಚಿದ ಮೇಲೆ ತಣ್ಣೀರು

ಇದನ್ನು ಕೊನೆಯವರೆಗೂ ಕೇಳಿ, ಆಮೇಲೆ ಬೇಕಾದರೆ ಪ್ಲಂಬರ್ ಸೀನನನ್ನು ಬೈಯಿರಿ. ಪೂರ್ತಿ ಕೇಳದೆ ಬೈಯಲು ಶುರು ಮಾಡಿದವನು ಆಗಲೇ ಒಬ್ಬನಿದ್ದಾನೆ.

“ನಾಲ್ಕನೇ ಸಲ ಕಣಯ್ಯಾ ಇದು!” ರುದ್ರೇಶ್ ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಬಚ್ಚಲುಮನೆಯ ಬಾಗಿಲಲ್ಲಿ ನಿಂತಿದ್ದ. ಕಿವಿಯ ಹಿಂದೆ ಇನ್ನೂ ನೊರೆ. “ಎರಡು ನಿಮಿಷ ಬಿಸಿ, ಸೋಪು ಹಚ್ಚೋ ಹೊತ್ಗೆ ಐಸು! ಹೊಸಾ ವಾಲ್ವ್ ಅಂತೆ, ಹೊಸಾದು!”

ಸೀನ ಚೀಲದಿಂದ ಸ್ಪ್ಯಾನರ್ ತೆಗೆದ. ವೈಟ್‌ಫೀಲ್ಡಿನ ಈ ಅಪಾರ್ಟ್‌ಮೆಂಟಿನಲ್ಲಿ ನಲವತ್ತು ಮನೆ. ಎಲ್ಲ ಮನೆಗಳ ಹಳೆಯ ನಲ್ಲಿ ಕಿತ್ತು ಹೊಸ ಶವರ್ ವಾಲ್ವ್ ಹಾಕಿಸಬೇಕೆಂದು ಕಮಿಟಿಯವರು ತೀರ್ಮಾನಿಸಿದ್ದರು. ಕಾರ್ಯದರ್ಶಿ ರುದ್ರೇಶ್. ಮೊದಲು ಅವನ ಮನೆಯಲ್ಲಿ ಒಂದು. ಅದು ಸರಿಯಿದ್ದರೆ ಉಳಿದ ಮೂವತ್ತೊಂಬತ್ತೂ ಸೀನನಿಗೆ. ಹತ್ತು ವರ್ಷ ಇನ್ನೊಬ್ಬರ ಕೈಕೆಳಗೆ ಪೈಪು ಕೊಯ್ದವನಿಗೆ ಸ್ವಂತ ಹೆಸರಿನಲ್ಲಿ ಸಿಗಲಿದ್ದ ಮೊದಲ ದೊಡ್ಡ ಕೆಲಸ.

ವಾಲ್ವಿನ ಸಂಗತಿ ಸರಳ. ಹಿಡಿಕೆ ತಿರುಗಿಸಿದರೆ ಬಿಸಿನೀರೂ ತಣ್ಣೀರೂ ಬೆರೆಯಬೇಕು. ಗುಂಡಿ ಎಳೆದರೆ ಆ ನೀರು ಕೆಳಗಿನ ನಲ್ಲಿ ಬಿಟ್ಟು ಮೇಲಿನ ಶವರಿಗೆ ಹತ್ತಬೇಕು. ಸೀನ ತಿರುಗಿಸಿದ, ಎಳೆದ. ಹಬೆಯಾಡುವ ನೀರು ಸುರಿಯಿತು. ಐದು ನಿಮಿಷ. ಹತ್ತು ನಿಮಿಷ. ಒಡ್ಡಿದ ಅಂಗೈ ಕೆಂಪಾಯಿತು.

“ಬಿಸಿನೇ ಬರ್ತೈತಲ್ಲ ಸಾರ್.”

“ನೀನಿದ್ರೆ ಬರುತ್ತೆ, ನೀನು ಹೋದ್ರೆ ಬರಲ್ಲ. ಅದಕ್ಕೆ ನಿನ್ನ ಮೇಲೆ ಅಷ್ಟೊಂದು ಪ್ರೀತಿನಾ?”

ರುದ್ರೇಶನ ತಾಯಿ ಕಮಲಮ್ಮ ಬಾಗಿಲಾಚೆ ಗೋಡೆಗೊರಗಿ ಅವರೆಕಾಯಿ ಸುಲಿಯುತ್ತಿದ್ದರು. “ಪಾಪ, ಅವನನ್ಯಾಕೆ ಬೈತೀಯೋ? ನಂಗಂತೂ ಬಿಸಿನೀರು ಚೆನ್ನಾಗೇ ಬರುತ್ತೆ.”

“ನೀನು ಕೆಳಗಿನ ನಲ್ಲೀಲಿ ಬಕೆಟ್ ತುಂಬ್ಕೋತೀಯಮ್ಮ. ತೊಂದ್ರೆ ಇರೋದು ಶವರಿಂದು.”

ಸೀನನಿಗೂ ಅದೇ ಗುಮಾನಿ. ಬಕೆಟ್ಟಿಗೆ ಬಿಸಿ, ಶವರಿಗೆ ತಣ್ಣಗೆ ಅಂದರೆ ವಾಲ್ವಿನ ಹೊಟ್ಟೆಯೊಳಗೇ ಎಡವಟ್ಟು. ಮೊದಲ ಸಲ ಬಂದಾಗ ಶವರಿನ ಜಾಲರಿ ಬಿಚ್ಚಿ ಸಿಮೆಂಟಿನ ಪುಡಿ ತೊಳೆದಿದ್ದ. ಎರಡನೇ ಸಲ ವಾಲ್ವಿನೊಳಗೆ ಬಿಸಿನೀರು ತಣ್ಣೀರು ಬೆರೆಸುವ ಕಾರ್ಟ್ರಿಡ್ಜನ್ನೇ ಬದಲಾಯಿಸಿದ್ದ. ಮೂರನೇ ಸಲ ಫಾಲ್ಸ್ ಸೀಲಿಂಗಿನ ಹಲಗೆ ಸರಿಸಿ, ನೀರು ಓಡಿದಂತೆಲ್ಲ ಕಾಯಿಸುವ ಪುಟ್ಟ ಗೀಸರನ್ನೂ ತಡಕಿದ್ದ. ಬಚ್ಚಲುಮನೆಯ ಬಾಗಿಲಾಚೆ ಗೋಡೆಯಲ್ಲಿದ್ದ ಗೀಸರಿನ ಸ್ವಿಚ್ಚಿನ ಕೆಂಪು ದೀಪವನ್ನು ಪ್ರತಿಸಲವೂ ನೋಡಿದ್ದ, ಉರಿಯುತ್ತಲೇ ಇತ್ತು. ವಾಲ್ವ್ ಕಂಪನಿಗೆ ಫೋನ್ ಮಾಡಿದರೆ, ಮಾಲು ಸರಿಯಿದೆ, ಕೂರಿಸಿದವನದೇ ತಪ್ಪು ಅಂದಿದ್ದರು.

ಈಗ ಎಲ್ಲವನ್ನೂ ಮತ್ತೆ ಬಿಚ್ಚಿದ, ಮತ್ತೆ ಜೋಡಿಸಿದ. ಕೊನೆಯ ತಿರುವಿಗೆ ಹೊಸ ಟೈಲ್ಸಿನ ಮೂಲೆ ಚಟ್ಟೆಂದು ಬಿರುಕು ಬಿಟ್ಟಿತು. ಸೀನ ಕಣ್ಣು ಮುಚ್ಚಿಕೊಂಡ. ಅಳು ಬರುವಷ್ಟು ಕೋಪ. ಯಾರ ಮೇಲೆ ಅಂತಲೇ ತಿಳಿಯದ ಕೋಪ.

“ಕಮಿಟಿಯವ್ರು ಈಗ ಬರ್ತಾರೆ,” ಅಂದ ರುದ್ರೇಶ್, ಅಷ್ಟರಲ್ಲಿ ಬಟ್ಟೆ ಹಾಕಿಕೊಂಡು ಬಂದಿದ್ದ. “ಬೇರೆ ಪ್ಲಂಬರ್ ಹೆಸರು ಆಗ್ಲೇ ಹೇಳ್ತಾವ್ರೆ.”

“ಇನ್ನೇನ್ ಮಾಡ್ಲಿ ಹೇಳಿ ಸಾರ್?”

“ಸ್ನಾನ ಮಾಡು.”

“ಆಂ?”

“ಕೈಯೊಡ್ಡಿ ನೋಡಿದ್ದು ಸಾಕು. ನೀನೇ ಬಾಗಿಲು ಹಾಕ್ಕೊಂಡು, ತಲೆಗೆ ಸೋಪು ಹಚ್ಕೊಂಡು ನಿಂತ್ಕೋ. ನನ್ನ ಪಾಡು ಏನಂತ ಗೊತ್ತಾಗ್ಲಿ.” ಹೊಸ ಟವೆಲೊಂದನ್ನು ಸೀನನ ಹೆಗಲಿಗೆಸೆದು ಹಾಲಿಗೆ ಹೋದ.

ಕಮಲಮ್ಮ ಮೊರ ಪಕ್ಕಕ್ಕಿಟ್ಟರು. “ಬೇಗ ಮುಗಿಸ್ಬಿಡಪ್ಪಾ. ಜಾಸ್ತಿ ಹೊತ್ತು ನಿಂತ್ಕೋಬೇಡ.”

ಸೀನ ಚಿಲಕ ಹಾಕಿದ. ನೀರು ಬಿಟ್ಟ. ಬಿಸಿ, ಹದವಾದ ಬಿಸಿ. ಪಟ್ಟಂದೂರು ಅಗ್ರಹಾರದ ಅವನ ಬಾಡಿಗೆ ಕೋಣೆಯಲ್ಲಿ ಶವರ್ ಎಲ್ಲಿಂದ ಬರಬೇಕು? ಒಂದು ಕ್ಷಣ ಕೆಲಸವನ್ನೇ ಮರೆತ. ತಲೆಗೆ ಸೋಪು ಹಚ್ಚಿದ, ಒಂದು, ಎರಡು ಎಂದು ಎಣಿಸತೊಡಗಿದ. ನೂರು ದಾಟಿತು, ಇನ್ನೂ ಬಿಸಿ. ಗೆದ್ದೆ ಅಂದುಕೊಂಡ. ನೂರಾ ಹದಿನೈದಕ್ಕೆ ಬೆನ್ನು ಜುಮ್ಮೆಂದಿತು. ನೂರಾ ಇಪ್ಪತ್ತಕ್ಕೆ ತಣ್ಣಗೆ ಕೊರೆಯುವ ನೀರು.

ಹಿಡಿಕೆಯನ್ನು ಬಿಸಿಯ ಕಡೆಗೆ ಪೂರ್ತಿ ತಿರುಗಿಸಿದ. ತಣ್ಣೀರು. ಗುಂಡಿ ಒತ್ತಿದ, ಎಳೆದ, ಗುದ್ದಿದ. ತಣ್ಣೀರು. ಮೂವತ್ತೊಂಬತ್ತು ಮನೆಗಳು ಕಣ್ಣೆದುರೇ ಚರಂಡಿಯ ಜಾಲರಿಯೊಳಗೆ ಇಳಿದು ಹೋದವು. ಹೊರಗೆ ಕಾಲಿಂಗ್ ಬೆಲ್ ಸದ್ದು ಮಾಡಿತು, ಕಮಿಟಿಯವರು ಬಂದರು. ಇನ್ನು ನನ್ನ ಕೈಲಾಗದು, ಸೋತೆ ಅಂತ ಹೇಳಿಬಿಡೋಣ ಎಂದು ನೊರೆ ತುಂಬಿದ ಕಣ್ಣಲ್ಲೇ ಟವೆಲ್ ಸುತ್ತಿಕೊಂಡು ದಡಾರನೆ ಬಾಗಿಲು ತೆಗೆದ.

ಎದುರಿಗೆ ಕಮಲಮ್ಮ. ಅವರ ಬೆರಳು ಗೀಸರಿನ ಸ್ವಿಚ್ಚಿನ ಮೇಲಿತ್ತು. ಕೆಂಪು ದೀಪ ಆರಿತ್ತು.

“ಕರೆಂಟ್ ಹಾಕ್ಕೊಂಡು ನೀರಿನ ಕೆಳಗೆ ನಿಲ್ಬಾರ್ದು ಕಣಪ್ಪಾ,” ಅವರು ಪಿಸುಗುಟ್ಟಿದರು. “ಕ್ವಾರ್ಟರ್ಸ್‌ನಲ್ಲಿದ್ದಾಗ ಪಕ್ಕದ್ಮನೆ ಹುಡುಗಿ ಹಿಂಗೇ ಶಾಕ್ ಹೊಡ್ದು ಹೋದ್ಳು. ಎಲ್ರೂ ಬಕೆಟ್‌ನಲ್ಲಿ ಸ್ನಾನ ಮಾಡ್ತಿದ್ದಾಗ ಅದು ತುಂಬಿದ್ಮೇಲೆ ಆರಿಸ್ತಿದ್ದೆ, ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಈಗ ಚಿಲಕದ ಸದ್ದು ಕೇಳಿದ ತಕ್ಷಣ ಆರಿಸ್ತೀನಿ, ತೆಗೆದ ತಕ್ಷಣ ಹಾಕ್ತೀನಿ. ಒಳಗೆ ಕಾದಿರೋ ನೀರು ಸೋಪು ಹಚ್ಚೋವರ್ಗೂ ಬರುತ್ತೆ. ಸ್ವಿಚ್ ಮುಟ್ಟಲ್ಲ ಅಂತ ರುದ್ರೇಶ ಹಿಂದೊಂದ್ಸಲ ತನ್ನ ತಲೆ ಮೇಲೆ ಕೈಯಿಡಿಸಿ ಆಣೆ ಮಾಡಿಸ್ಕೊಂಡಿದಾನೆ. ಹೇಳ್ಬಿಡ್ಬೇಡಪ್ಪಾ, ನಿನ್ನ ದಮ್ಮಯ್ಯ.”

ಹಾಲಿನಿಂದ ರುದ್ರೇಶನ ದನಿ ಕೇಳಿತು: “ಏನಯ್ಯಾ ಸೀನ, ತಪ್ಪು ಯಾರ್ದು ಅಂತ ಈಗ್ಲಾದ್ರೂ ಗೊತ್ತಾಯ್ತಾ?”

ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?