ಮೂರನೆಯ ದಿನದ ಪುಟ

ವಹಿಯ ಖಾಲಿ ಪುಟದಲ್ಲಿ ಹೊಸ ಸಾಲು ಬಂದಿತ್ತು.

'ಘಾಟಿನ್ಯಾಗ ಅವಸರ ಬ್ಯಾಡ. ಏಳನೇ ತಿರುವಿಗಿ ಚಹಾದಂಗಡಿ ಅದ. ಅಲ್ಲಿ ನಿಂದ್ರಬೇಕು.'

ಅಮೃತ ಓದಿದಳು, ಕೆಂಡ ಮುಟ್ಟಿದವಳಂತೆ ಕೈ ಹಿಂದೆಗೆದಳು. ಅಕ್ಷರ ಅಣ್ಣನದು. ಅಣ್ಣ ಚನ್ನಬಸಪ್ಪ ಕಾಮಾಲೆಯಾಗಿ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು.

ಅನುಮಾನಕ್ಕೆ ಎಡೆಯೇ ಇರಲಿಲ್ಲ. ಅವನು ಬರೆದ ಅಕ್ಷರದ ತಲೆಕಟ್ಟು ಎತ್ತಿನ ಕೋಡಿನಂತೆ ಮೇಲಕ್ಕೆ ಬಾಗುತ್ತಿತ್ತು. ಒಂದನೇ ಇಯತ್ತೆಯ ಕಾಪಿ ಪುಸ್ತಕದಲ್ಲೇ ಹತ್ತಿದ ಚಾಳಿ. ಮಾಸ್ತರರ ಬೆತ್ತಕ್ಕೂ ಬಗ್ಗಲಿಲ್ಲ. ಹುಮನಾಬಾದಿನಲ್ಲಿ ಹಾಗೆ ಬರೆಯುವವರು ಇನ್ನೊಬ್ಬರಿರಲಿಲ್ಲ.

ಆ ವಹಿಯಲ್ಲಿ ಬರೆದಿಟ್ಟದ್ದು ಅವನ ಕನಸು. ಹೈದರಾಬಾದಿನ ಮಿಲ್ಟ್ರಿ ಲಿಲಾವಿನಲ್ಲಿ ಹರಾಜು ಕೂಗಿ ತಂದ ಹಳೆಯ ಬುಲೆಟ್ಟು ಮೋಟಾರ್ ಸೈಕಲ್ಲು, ಪಕ್ಕಕ್ಕೊಂದು ಕೂರುವ ಡಬ್ಬಿ. ಓಣಿಯವರು ಅದಕ್ಕೆ ತೊಟ್ಟಿಲು ಅನ್ನುತ್ತಿದ್ದರು. ಮನೆಯವರನ್ನೆಲ್ಲ ಕೂರಿಸಿಕೊಂಡು ಮೂರು ದಿನದ ಸವಾರಿ: ಮೊದಲ ದಿನ ಪಂಢರಪುರ, ಎರಡನೆಯ ದಿನ ವಾಯಿ, ಮೂರನೆಯ ದಿನ ಪಸರಣಿ ಘಾಟು ಹತ್ತಿ ಮಹಾಬಳೇಶ್ವರ. ಹೆದ್ದಾರಿಯಲ್ಲಿ ನಿಲ್ಲುವ ಲಾರಿ ಡ್ರೈವರುಗಳನ್ನು ಕಾಡಿ ಬೇಡಿ ಒಂದೊಂದೇ ತಿರುವು ಕೇಳಿಕೊಂಡು ಬರುತ್ತಿದ್ದ. ಸಂಜೆ ಒಲೆಯ ಮುಂದೆ ಕೂತು ಅವ್ವನಿಗೆ ಅದೇ ಕತೆ. 'ಮೂರನೇ ದಿನ' ಎಂದು ತಲೆಬರಹ ಬರೆದಿದ್ದ. ಕೆಳಗೆ ಬರೆಯಲು ಅವನಿಗೆ ದಿನ ಉಳಿಯಲಿಲ್ಲ.

ಈಗ ಎಪ್ಪತ್ತೊಂಬತ್ತರ ಮಾಘ. ವೈಶಾಖಕ್ಕೆ ಅಮೃತ ಲಗ್ನವಾಗಿ ಗಂಡನ ಊರು ಕೊಹಿನೂರಕ್ಕೆ ಹೋಗುವವಳು. ಅದಕ್ಕೆ ಮೊದಲು ಆ ಸವಾರಿ ಒಮ್ಮೆ ಆಗಬೇಕೆಂಬುದು ಅವಳ ಒಂದೇ ಆಸೆ. ಬಾಯಿ ಬಿಟ್ಟು ಕೇಳುವ ಹುಡುಗಿಯಲ್ಲ. ಡೈರಿಯಲ್ಲಿ ಮಾತ್ರ ಬರೆದಿದ್ದಳು. ಅಪ್ಪ ಮಹಾರುದ್ರಪ್ಪನಿಗೆ ಗಾಡಿ ಹೊಡೆಯಲು ಬರುತ್ತಿತ್ತು, ಆದರೆ ಅದನ್ನು ಕಂಡರೇ ಎದೆ ಹಿಂಡುತ್ತಿತ್ತು. ಉಮರ್ಗಾದವನೊಬ್ಬನಿಗೆ ಮಾರಲು ಮಾತು ಕೊಟ್ಟಿದ್ದ.

ಅಪ್ಪ ಮೊದಲು ಅವಳನ್ನೇ ಹಿಡಿದ. "ನೀ ಬರದಿಯೇನ? ಬಿ.ಎ. ಕಲಿಸಿದ್ದು ಇದಕ್ಕೇನ?"

"ಲಿಂಗದಾಣಿ, ನಾ ಅಲ್ಲಪ್ಪ."

ಅದೇ ಸಾಲನ್ನು ಅವಳ ಕೈಯಿಂದ ಬರೆಸಿ ನೋಡಿದ. ಅವಳ ಅಕ್ಷರ ಇರುವೆ ಸಾಲು. ಒಂದಕ್ಕೂ ಕೋಡು ಮೂಡಲಿಲ್ಲ.

ಮಾರುವ ಮುಂಚೆ ಗಾಡಿ ಪರೀಕ್ಷಿಸಲು ಬಂದ ಮೇಸ್ತ್ರಿ ನಬೀಸಾಬ್ ವಹಿ ಇಸಕೊಂಡು ನೋಡಿದ. "ಯಾ ಅಲ್ಲಾ! ಹೂಬಹೂ ಚನ್ನೂನ ಕೈ. ಮಹಾರುದ್ರಪ್ಪನೋರ, ಇದರ ಪ್ಲಗ್ಗರ ತಗದಿಡ್ತೀನ್ರಿ. ಇಷ್ಟ ಬರದಾಂವ ನಾಳಿ ಹೊಡಕೊಂಡು ಹೋದ್ರ?"

ಯಾರೂ ನಗಲಿಲ್ಲ.

"ಇನ್ನೊಮ್ಮಿ ಓದವ್ವಾ," ಎಂದಳು ಅವ್ವ ಶಕುಂತಲಾಬಾಯಿ.

ಅಮೃತ ಓದಿದಳು. ಅವ್ವ ತುಟಿ ಅಲುಗಿಸುತ್ತ ಕೇಳಿದಳು. "ಸರಿ ಅದ. ಏಳನೇ ತಿರುವು. ನನ್ನ ಮುಂದೂ ಹಂಗೇ ಹೇಳ್ತಿದ್ದ."

ಅವಳ ಬೆರಳು ನೀಲಿಯಾಗಿತ್ತು. ಮಗಳ ಕಣ್ಣು ಬಿದ್ದದ್ದು ಕಂಡು ಸೆರಗಿಗೆ ಒರೆಸಿಕೊಂಡಳು. "ನಿಮ್ಮಪ್ಪನ ಧೋತರಕ್ಕ ನೀಲಿ ಹಾಕೀನಿ."

ತಂತಿಯ ಮೇಲಿನ ಧೋತರ ಮೊದಲಿನಷ್ಟೇ ಹಳದಿ. ಅವ್ವನ ಧ್ಯಾನ ಕೆಲಸದ ಮೇಲಿಲ್ಲ ಎಂದುಕೊಂಡಳು ಅಮೃತ. ಮಗ ಹೋದಾಗಿನಿಂದ ಅವ್ವ ದಿನಾ ಮಧ್ಯಾಹ್ನ ಒಳಕೋಣೆಯ ಬಾಗಿಲು ಮುಂದೆ ಮಾಡಿಕೊಂಡು, ಅವನ ಶಾಲೆಯ ಕಾಪಿ ಪುಸ್ತಕಗಳ ಟ್ರಂಕು ತೆರೆದು ಕೂರುತ್ತಿದ್ದಳು. ಅತ್ತು ಹಗುರಾಗಲಿ ಎಂದು ಯಾರೂ ಬಾಗಿಲು ಬಡಿಯುತ್ತಿರಲಿಲ್ಲ.

ಅಪ್ಪ ವಹಿಯನ್ನು ಗೋಡೆಯ ಅಲಮಾರಿಗೆ ಹಾಕಿ ಕೀಲಿ ಜಡಿದ. ಕೀಲಿಯನ್ನು ಅವ್ವನ ಕೈಗೆ ಹಾಕಿದ. "ಓದಾಕ ಬರದವಳ ಹಂತ್ಯಾಕ ಇದ್ರ ಛಲೋ. ನಿನಗರ ಅಂಜಿಕಿ ಇಲ್ಲ." ರೇಷನ್ ಕಾರ್ಡಿಗೂ ಹೆಬ್ಬೆಟ್ಟು ಒತ್ತಿದವಳು ಅವಳು.

ಮೂರು ದಿನ ಬಿಟ್ಟು ಅಪ್ಪನೇ ಅಲಮಾರಿ ತೆಗೆದ. ಕೀಲಿ ಹಾಕಿದಂತೆಯೇ ಇತ್ತು. ವಹಿ ಇಟ್ಟಲ್ಲೇ ಇತ್ತು.

'ಗಾಡಿ ಮಾರಬ್ಯಾಡ್ರಿ. ಹೋಗೋಣ.'

ಮಹಾರುದ್ರಪ್ಪ ವಹಿಯನ್ನು ಫಟ್ಟನೆ ಮುಚ್ಚಿದ. "ಕರಿಯಾಕತ್ತಾನ. ಒಬ್ಬಂವಗೇ ಬ್ಯಾಸರಾಗಿ ನಮ್ಮನ್ನೂ ಕರಿಯಾಕತ್ತಾನ. ಆ ಘಾಟಿಗಿ ಹ್ವಾದ್ರ ನಾವು ತಿರುಗಿ ಬರಾಂಗಿಲ್ಲ."

"ಹಂಗ ಯಾಕ ತಿಳೀತೀರಿ?" ಎಂದಳು ಅವ್ವ. "ಬರೇ ಹೋಗೋಣ ಅಂತ ಬರದದ."

"ಸುಮ್ಮನಿರು. ನಿನಗೇನ ತಿಳೀತದ?"

ಅವನು ಮಾಣಿಕನಗರದ ಮಠದಿಂದ ಅಂಗಾರ, ಮಂತ್ರಿಸಿದ ಬೂದಿ, ತಂದು ಗಾಡಿಗೆ ಎರಚಿದ. ಅಮೃತಳಿಗೆ ಮೊದಲ ಸಲ ತನ್ನ ಆಸೆಯೇ ಭಯ ಹುಟ್ಟಿಸಿತು. ಅಣ್ಣ ತನ್ನ ಡೈರಿ ಓದಿದನೇ? ಆ ಸಂಜೆ ಗಾಳಿಯೇ ಇರಲಿಲ್ಲ, ಆದರೂ ಅಂಗಳದಲ್ಲಿ ತೊಟ್ಟಿಲಿನ ಸ್ಪ್ರಿಂಗು ಕಿರುಗುಟ್ಟಿತು. ಯಾರೋ ಹತ್ತಿ ಕೂತಂತೆ. ಅಪ್ಪ ಹೊರಗೆ ಹೋಗಿದ್ದ. ಅವ್ವ ಅಡುಗೆಮನೆಯಲ್ಲಿರಬೇಕು ಎಂದುಕೊಂಡಳು. ಕದ ತೆಗೆದು ನೋಡುವ ಧೈರ್ಯ ಅವಳಿಗಾಗಲಿಲ್ಲ.

ಸೋಮವಾರ ತಹಸೀಲು ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಅರ್ಜಿ ಬರೆಯುವ ಮಚ್ಚೇಂದ್ರ ಕಾಗದ ಓದಿ ಹೇಳಿದ. ಗಾಡಿ ಸತ್ತವನ ಹೆಸರಿನಲ್ಲಿತ್ತು. ತಂದೆ ತಾಯಿ ಇಬ್ಬರೂ ಒಪ್ಪಿದರೆ ಮಾತ್ರ ಮಾರಬಹುದು. ಉಮರ್ಗಾದವನು ಆಗಲೇ ಹ್ಯಾಂಡಲ್ಲಿನ ಮೇಲೆ ಕೈಯಿಟ್ಟು ನಿಂತಿದ್ದ. ಅಪ್ಪ ಸಹಿ ಹಾಕಿದ. ಕಾಗದವನ್ನು ಅವ್ವನತ್ತ ಸರಿಸಿದ.

"ಬಾಯಾರ, ನಿಮ್ಮ ಹೆಬ್ಬೆಟ್ಟು ಇಲ್ಲಿ." ಮಚ್ಚೇಂದ್ರ ಮಸಿಯ ಡಬ್ಬಿ ಮುಂದೆ ತಳ್ಳಿದ.

ಅವ್ವ ಡಬ್ಬಿಯ ಮುಚ್ಚಳ ಮುಚ್ಚಿದಳು. "ಪೆನ್ನ ಕೊಡ್ರಿ."

"ಪೆನ್ನ?" ಅವನು ನಕ್ಕ. "ಹಿಡಿಯಾಕರ ಬರ್ತದೇನ್ರಿ?"

ಅವಳು ಅವನ ಕೈಯಿಂದ ಪೆನ್ನು ತೆಗೆದುಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕಾಗದದ ಮೇಲೆ ಬಾಗಿದಳು. ಒಂದನೇ ಇಯತ್ತೆಯ ಮಗುವಿನಂತೆ ನಾಲಿಗೆಯ ತುದಿ ಹಲ್ಲಿನ ನಡುವೆ ಬಂತು. ಅಮೃತ ಅವಳ ಹೆಗಲ ಮೇಲಿಂದ ಇಣುಕಿದಳು.

ಹೆಬ್ಬೆಟ್ಟಿಗೆಂದು ಬಿಟ್ಟ ಜಾಗದಲ್ಲಿ ಅಕ್ಷರಗಳು ಒಂದೊಂದಾಗಿ ಕೋಡು ಎತ್ತಿ ನಿಂತವು: 'ಗಾಡಿ ಮಾರಬ್ಯಾಡ್ರಿ. ಹೋಗೋಣ.'