ಟೇಕಡಿಗೊಂದು ಬಾಬಾಗಾಡಿ

"ಇದೂ ಬ್ಯಾಡ," ಎಂದಳು ಶರ್ವರಿ. ಕೂಸನ್ನು ಮಲಗಿಸಿ ತಳ್ಳುವ ನಾಲ್ಕನೆಯ ಬಾಬಾಗಾಡಿಯೂ ಗೋಡೆಯ ಕಡೆಗೆ ಹೋಯಿತು.

ವಿಮಾನ ನಗರದ ಆ ಅಂಗಡಿಯಲ್ಲಿ ಗಾಡಿ ಮಾರುವ ಸುಹಾಸ ಎಂಥೆಂಥ ಬಸುರಿಯರನ್ನು ಕಂಡಿದ್ದ. ಬಣ್ಣಕ್ಕಾಗಿ ಗಂಡನೊಡನೆ ಜಗಳಾಡಿದವರು, ಹಾಲಿನ ಬಾಟಲಿ ಇಡಲು ಜಾಗವಿಲ್ಲವೆಂದು ಮುಖ ಊದಿಸಿಕೊಂಡವರು. ಇವಳು ಬೇರೆ ಥರ. ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು ಗಾಡಿಯ ಹಿಂದೆ ನಿಲ್ಲುತ್ತಾಳೆ, ಹಿಡಿಕೆಯ ಮೇಲೆ ಭಾರ ಹಾಕಿ ಒತ್ತುತ್ತಾಳೆ. ಮುಂದಿನ ಗಾಲಿ ಎದ್ದರೆ ಗಾಡಿ ನಪಾಸು. ಭೋಸರಿಯ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ತಪಾಸಣೆ ಅವಳ ಕೆಲಸವಂತೆ. ಆ ಬಿಡಿಭಾಗ ಮಾಡುವವರ ಮೇಲೆ ಸುಹಾಸನಿಗೆ ಕನಿಕರ ಹುಟ್ಟಿತು.

"ಮೇಡಂ, ಹುಟ್ಟಿದ ಕೂಸಿಗೆ ಬೆನ್ನು ಸಪಾಟಾಗಿ ಮಲಗೂ ಹಂಗ ಇರಬೇಕ್ರಿ. ಇದರಾಗ ನೋಡ್ರಿ..." ಸುಹಾಸ ನಿಪ್ಪಾಣಿಯವನು. ಗಿರಾಕಿ ಕನ್ನಡದಲ್ಲಿ ಗೊಣಗಿದ್ದು ಕೇಳಿ ಮರಾಠಿ ಬಿಟ್ಟು ತಾನೂ ಕನ್ನಡಕ್ಕೆ ಇಳಿದಿದ್ದ.

"ಅದಿರ್ಲಿ. ಬ್ರೇಕ್ ಕೈಯಾಗ ಹಿಡಿಯೂದದನೋ, ಕಾಲಾಗ ಒತ್ತೂದೋ?"

"ಎರಡೂ ಅದಾವ್ರಿ."

"ಕಲ್ಲು, ಇಳಿಜಾರು ತಡೀತದ?"

"ತಡೀತದ್ರಿ. ಗಾಳಿ ತುಂಬೂ ಟೈರು. ಆದ್ರ ಕೂಸಿನ ಕುತ್ತಿಗಿ ನಿಲ್ಲೂತನಕ ಗುಡ್ಡಕ್ಕ ಒಯ್ಯಬ್ಯಾಡ್ರಿ."

"ನಾವು ಮುಂದಿನ ವಾರಾನ ಶುರು ಮಾಡಬೇಕಂತ ಮಾಡೇವಿ."

ಸುಹಾಸ ಅವಳ ಹೊಟ್ಟೆ ನೋಡಿದ. ಇಂಥ ತಾಯಿಯ ಹೊಟ್ಟೆಯಲ್ಲಿ ಹುಟ್ಟಲಿರುವ ಕೂಸಿನ ಗತಿ ನೆನೆದು ಬ್ರೇಕನ್ನು ಇನ್ನೊಮ್ಮೆ ಒತ್ತಿ ನೋಡಿದ.

ಪಕ್ಕದಲ್ಲಿ ಮಾವ ಮಾರ್ತಾಂಡರಾಯರು ಸೊಸೆಯ ತೋಳು ಬಿಗಿಯಾಗಿ ಹಿಡಿದು ನಿಂತಿದ್ದರು. ಬಸುರಿ ಹೆಂಗಸು, ನುಣುಪು ನೆಲ, ಎಲ್ಲಿಯಾದರೂ ಜಾರಿದರೆ? ಕಾರಿನಿಂದ ಇಳಿದಾಗ ಹಿಡಿದದ್ದು, ಇನ್ನೂ ಬಿಟ್ಟಿರಲಿಲ್ಲ.

"ಮಾವಾರ, ನೀವೊಮ್ಮೆ ತಳ್ಳಿ ನೋಡ್ರಿ."

"ನಾ ಯಾಕ? ಪ್ರಣವ ತಳ್ಳತಾನ."

"ಮುಂಜಾನೆ ಎದ್ದು ಆಫೀಸಿಗೆ ಓಡೂ ನಿಮ್ಮ ಮಗ ಏನು ತಳ್ಳತಾರ? ಕೂಸಿನ್ನ ಮನಿ ಹಿಂದಿನ ಗುಡ್ಡಾ, ಆ ಟೇಕಡಿ ಹತ್ತಿಸವರು ಅಜ್ಜನ."

ಮಾರ್ತಾಂಡರಾಯರು ಐದನೆಯ ಗಾಡಿ ಹಿಡಿದು ಅಂಗಡಿಯ ಆ ತುದಿಗೆ ಹೋಗಿ ಬಂದರು. ಶರ್ವರಿ ಹಿಡಿಕೆ ಸ್ವಲ್ಪ ಏರಿಸಿದಳು. ಇನ್ನೊಮ್ಮೆ ಕಳಿಸಿದಳು. ಮತ್ತೆ ಸ್ವಲ್ಪ ಇಳಿಸಿದಳು.

"ಇದನ್ನ ಕಟ್ರಿ," ಎಂದಳು. ಬಣ್ಣದ ಮಾತೇ ಎತ್ತಲಿಲ್ಲ.

ಮನೆಯ ಬಾಗಿಲಲ್ಲೇ ಅತ್ತೆ ರಂಗೂಬಾಯಿ ಅಡ್ಡ ನಿಂತರು. "ಕೂಸು ಹುಟ್ಟೂಕಿಂತ ಮೊದಲ ಬಾಬಾಗಾಡಿ? ಖಾಲಿ ತೊಟ್ಟಿಲಾ ತೂಗಬಾರದು ಅಂತ ನಿಮ್ಮವ್ವ ಹೇಳಿಲ್ಲೇನು? ಅದೂ ನಾಡಿದ್ದ ನೀ ಹಡೀಲಿಕ್ಕೆ ಧಾರವಾಡಕ್ಕ ಹೊಂಟಾಕಿ. ಬಾಣಂತನ ಮುಗಿಸಿಕೊಂಡು ಬರೂತನಕ ಇದಕ್ಕೇನು ಪೂಜಾ ಮಾಡ್ಲ್ಯಾ?"

ಮಾತು ನ್ಯಾಯವಾದದ್ದೇ. ಆದರೆ ರಂಗೂಬಾಯಿಯ ಸಿಟ್ಟಿನ ಬೇರು ಬೇರೆ ಕಡೆ ಇತ್ತು. ಮಳೆಗಾಲದಲ್ಲಿ ಮನೆಯ ಹಿಂದಿನ ಟೇಕಡಿ ಇಳಿಯುವಾಗ ಗಂಡ ಜಾರಿ ಬಿದ್ದು ಮೊಣಕಾಲಿನ ಆಪರೇಷನ್ ಆಗಿತ್ತು. ಊರಿಕೊಂಡು ನಡೆಯಲು ಡಾಕ್ಟರು ಕೊಟ್ಟ ಕೋಲಿಗೆ ರಾಯರು ಬಾಲ್ಕನಿಯ ಪಾರಿವಾಳ ಓಡಿಸುವ ಕೆಲಸ ಹಚ್ಚಿದ್ದರು. ಮುಂಜಾನೆ ಟೇಕಡಿ ಹತ್ತುವ ಗೆಳೆಯರು ಕೆಳಗೆ ನಿಂತು ಕೂಗಿದರೆ, "ಮ್ಯಾಲೇನದ, ಬರೇ ಧೂಳು!" ಎಂದುಬಿಡುತ್ತಿದ್ದರು. ಆಮೇಲೆ ಇಡೀ ದಿನ ಮಾತಿಲ್ಲ. ಆ ಮೌನ ರಂಗೂಬಾಯಿಯ ಎದೆ ಹಿಂಡುತ್ತಿತ್ತು. ಸಿಟ್ಟು ಯಾರ ಮೇಲಾದರೂ ಹರಿಯಬೇಕಿತ್ತು, ಬಾಬಾಗಾಡಿ ಸಿಕ್ಕಿತು.

"ಖಾಲಿ ಯಾಕ ಇಡೂದ್ರಿ ಅತ್ತ್ಯಾರ? ಜ್ವಾಳ ತುಂಬೋಣು," ಎಂದಳು ಶರ್ವರಿ.

ರಂಗೂಬಾಯಿ ಯೋಚಿಸಿದರು. ಜೋಳ ಎಂದರೆ ಧಾನ್ಯಲಕ್ಷ್ಮಿ, ಶಾಸ್ತ್ರಕ್ಕೆ ಕೊರತೆಯಿಲ್ಲ. ಹಳೆಯ ಸೀರೆಯಲ್ಲಿ ಕೂಸಿನ ಗಾತ್ರದ ಗಂಟು ಕಟ್ಟಿದರು. ಜೇಜುರಿಯ ಗುಡಿಯಿಂದ ತಂದ ಅರಿಷಿಣದ ಭಂಡಾರ ಹಚ್ಚಿದರು. ಗಾಡಿಯ ಮುಂಭಾಗಕ್ಕೆ ಮಲಗಿಸಿ, ಸೊಸೆ ಹೇಳಿದಂತೆ ಪಟ್ಟಿಯನ್ನೂ ಬಿಗಿದರು.

"ಇನ್ನೊಂದು ಮಾತು, ಮಾವಾರ. ಹೊಸಾ ಗಾಲಿ ಬಿಗಿ ಇರ್ತಾವ. ಕೂಸು ಬರೂದ್ರಾಗ ಪಳಗಬೇಕು. ದಿನಾ ಟೇಕಡಿಗೆ ಒಯ್ದು ತರ್ರಿ. ಬ್ಯಾರೆಯವರ ಮ್ಯಾಲೆ ನನಗ ನಂಬಿಗಿ ಇಲ್ಲ."

ಮಾರ್ತಾಂಡರಾಯರು ಕೆಮ್ಮಿದರು. ಕನ್ನಡಕ ಒರೆಸಿದರು. "ಮೊಮ್ಮಗೂನ ಸಲುವಾಗಿ ಅಂದ್ರ ಆತು," ಎಂದು ದೊಡ್ಡ ಮನಸ್ಸು ಮಾಡಿದರು.

ಮೊದಲ ದಿನ ಗೆಳೆಯ ಶಿವಪ್ರಕಾಶ ಗಾಡಿಯ ಕೊಡೆ ಎತ್ತಿ ಇಣುಕಿದ. ಜೋಳದ ಗಂಟನ್ನು ಒಂದು ಗಳಿಗೆ ನೋಡಿದ. "ಮುಖ ಥೇಟ್ ಅಜ್ಜಂದ!" ಎಂದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು, ಎಲ್ಲರಿಗಿಂತ ಹೆಚ್ಚಾಗಿ ಮಾರ್ತಾಂಡರಾಯರು. ಬಹಳ ದಿನಗಳ ಮೇಲೆ ಅವರು ಹಾಗೆ ನಕ್ಕದ್ದು.

ಧಾರವಾಡದಲ್ಲಿ ಶರ್ವರಿಗೆ ಹೆಣ್ಣು ಕೂಸು ಹುಟ್ಟಿತು. ಮಾವನ ಫೋನು ದಿನಾ ತಪ್ಪದೆ ಬರುತ್ತಿತ್ತು. ಗಾಡಿ ಇವತ್ತು ಬೇವಿನ ಮರದ ತನಕ ಹೋಯಿತು. ಇವತ್ತು ಮುರಿದ ಬೆಂಚಿನ ತನಕ. ಕಡೆಗೊಂದು ದಿನ, ಏದುಸಿರು ಬಿಡುತ್ತ, ತುದಿಯ ಗುಡಿಯಿಂದಲೇ ಫೋನು: "ಗಾಲಿ ಭಾಳ ಚಲೋ ಪಳಗ್ಯಾವ, ನೋಡು!" ಇತ್ತ ಬಾಲ್ಕನಿಯಲ್ಲಿ ಪಾರಿವಾಳಗಳು ನಿಶ್ಚಿಂತೆಯಾಗಿ ಗೂಡು ಕಟ್ಟಿದವು. ರಂಗೂಬಾಯಿ ಅವಕ್ಕೂ ನಾಲ್ಕು ಕಾಳು ಜೋಳ ಹಾಕಿದರು.

ಐದು ತಿಂಗಳ ಕೂಸನ್ನು ಎತ್ತಿಕೊಂಡು ಶರ್ವರಿ ಮತ್ತೆ ವಿಮಾನ ನಗರದ ಅಂಗಡಿಗೆ ಬಂದಳು. ಸುಹಾಸ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಬಂದ.

"ಗಾಡಿ ಕೆಟ್ಟತೇನ್ರಿ ಮೇಡಂ?"

"ಇಲ್ಲ, ಭಾಳ ಚಲೋ ನಡದದ. ಈಗೂ ಟೇಕಡಿ ಮ್ಯಾಲೇ ಅದ."

ಕೂಸು ಇಲ್ಲಿ, ಗಾಡಿ ಗುಡ್ಡದ ಮೇಲೆ. ಸುಹಾಸನಿಗೆ ತಲೆಬುಡ ತಿಳಿಯಲಿಲ್ಲ. "ಮತ್ತೇನು ಬೇಕಾಗಿತ್ರಿ?"

"ಅದು ನಮ್ಮ ಮಾವನವರದು, ಕೋಲು ಹಿಡೀರಿ ಅಂದ್ರ ಹಿಡೀತಿದ್ದಿಲ್ಲ," ಎಂದಳು ಶರ್ವರಿ. "ಈಗ ಕೂಸಿಗೊಂದು ತೋರಸ್ರಿ."