ಬೆನ್ನ ಹಿಂದಿನ ಮಾತು

ಹದಿನೆಂಟು ವರ್ಷ ಫಿರಂಗಿಯ ಪಕ್ಕ ನಿಂತು ಹವಾಲ್ದಾರನ ಎರಡೂ ಕಿವಿ ಹೋಗಿದ್ದವು. ಅಂಗವೈಕಲ್ಯ ಪಿಂಚಣಿಯ ಅರ್ಜಿ ತಿರಸ್ಕೃತವಾಗಿ, ಮೇಲ್ಮನವಿ ಹಿಡಿದು ಅಲೆಯುತ್ತಿದ್ದುದು ಇದು ನಾಲ್ಕನೆಯ ವರ್ಷ.

"ಮೂರು ಮಂದಿ ಡಾಕ್ಟರು ಬರದು ಕೊಟ್ಟಾರ್ರೀ, ಇವರಿಗೆ ಏನೂ ಕೇಳಸಂಗಿಲ್ಲ ಅಂತ," ಎಂದು ಗಂಡನ ಎದುರಿಗೆ ಕೂತಿದ್ದ ಹೆಂಡತಿ ವೈದ್ಯಕೀಯ ಮಂಡಳಿಯ ಡಾಕ್ಟರಿಗೆ ಫೈಲು ಚಾಚಿದಳು.

"ನಾಟಕ ಮಾಡೋರೂ ಇಂಥವನ್ನೇ ತರ್ತಾರಮ್ಮ."

ಡಾಕ್ಟರ್ ಫೈಲು ಬಿಚ್ಚಲಿಲ್ಲ. ಎದ್ದು ಹೋಗಿ ಹವಾಲ್ದಾರನ ಬೆನ್ನ ಹಿಂದೆ ನಿಂತು, ಮೆಲ್ಲಗೆ ಹೇಳಿದ:

"ನಿಮ್ಮ ಪಿಂಚಣಿ ಮಂಜೂರಾಗಿದೆ."

ಹವಾಲ್ದಾರ ಅಲುಗಲಿಲ್ಲ. ಹೆಂಡತಿ ಮಾತ್ರ ಅಳುತ್ತ, ಡಾಕ್ಟರ್ ನಿಂತಿದ್ದ ಕಡೆಗೆ ಕೈ ಮುಗಿದಳು. ಅವಳ ಮುಖ ನೋಡಿ ಹವಾಲ್ದಾರನೂ ಎದ್ದು, ಹಿಂದಕ್ಕೆ ತಿರುಗಿ, ನಗುತ್ತ ಸೆಲ್ಯೂಟ್ ಹೊಡೆದ.

ಡಾಕ್ಟರ್ ಕುರ್ಚಿಗೆ ಮರಳಿ ಬರೆದ: "ಕಿವಿ ಚೆನ್ನಾಗಿ ಕೇಳಿಸುತ್ತದೆ."